ತೂವೆಯೋ, ತೆನೀಯವೋ? ‘ಆಯ್ತು’, ‘ಇತ್ತು’ ಗೊತ್ತಿದ್ದವರಿಗೆ ಸ್ಪ್ಯಾನಿಷ್‌ನ ತೆನೇರ್

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಟೀಮಿನ ಅರ್ಧ ಜನ ಮೆಕ್ಸಿಕೋದಲ್ಲಿದ್ದಾರೆ. ಎಂಟು ತಿಂಗಳಿಂದ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ತೆನೇರ್’ (ಹತ್ತಿರ ಇರು, ಇಂಗ್ಲಿಷ್‌ನ ‘ಹ್ಯಾವ್’) ಕ್ರಿಯಾಪದದ ಚಾರ್ಟ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ದಿನಾ ಓದುತ್ತೇನೆ. ಆದರೆ ಮಾತಾಡುವಾಗ ‘ತೆಂಗೊ’ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ. ಅದರ ಭೂತಕಾಲದ ತೂವೆ, ತೆನೀಯ ಎರಡಕ್ಕೂ ಆ್ಯಪ್‌ನಲ್ಲಿ ‘ಹ್ಯಾಡ್’ ಅಂತಲೇ ಕೊಟ್ಟಿದ್ದಾರೆ. ಯಾವಾಗ ಯಾವುದು? ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ? ಇನ್ನೊಂದು, ಗುರುವಾರದ ಕಾಲ್‌ನಲ್ಲಿ ಕಳೆದ ವಾರ ಯಾಕೆ ಬರಲಿಲ್ಲ ಅಂತ ಹೇಳಬೇಕು. ‘ಮೂರು ದಿನ ಜ್ವರ ಇತ್ತು, ಡಾಕ್ಟರ ಹತ್ತಿರ ಹೋಗಬೇಕಾಯ್ತು’ ಅನ್ನುವುದನ್ನು ಹೇಗೆ ಹೇಳಲಿ?

ಉತ್ತರ: ದಾರಿ ಇದೆ. ಅದು ನಿಮ್ಮ ಪ್ರಶ್ನೆಯ ಕೊನೆಯ ಸಾಲಲ್ಲೇ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆ ಚಾರ್ಟನ್ನು ಗೋಡೆಯಿಂದ ತೆಗೆಯಿರಿ. ಅದರಲ್ಲಿ ಐವತ್ತರ ಹತ್ತಿರ ರೂಪಗಳಿವೆ. ಐವತ್ತೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ತೂಕದಲ್ಲಿ ಕೂತಿವೆ. ದಿನಕ್ಕೆ ನೂರು ಸಲ ಬೇಕಾಗುವ ರೂಪ ಯಾವುದು, ವರ್ಷಕ್ಕೊಮ್ಮೆ ಬೇಕಾಗುವುದು ಯಾವುದು, ಯಾವುದು ಯಾವುದರಿಂದ ಹುಟ್ಟಿತು, ಚಾರ್ಟ್ ಇದ್ಯಾವುದನ್ನೂ ಹೇಳುವುದಿಲ್ಲ.

ಕನ್ನಡದ ‘ಬರು’ ಪದವನ್ನೇ ನೋಡಿ. ಮಾಡು ಅಂದರೆ ಮಾಡಿದೆ, ಹಾಡು ಅಂದರೆ ಹಾಡಿದೆ. ಅದೇ ಲೆಕ್ಕದಲ್ಲಿ ಬರು ಅಂದರೆ ‘ಬರಿದೆ’ ಆಗಬೇಕಿತ್ತು, ಅಲ್ವಾ? ಆದರೆ ನಾವು ಬಂದೆ ಅನ್ನುತ್ತೇವೆ. ತರು ತಂದೆ ಆಗುತ್ತದೆ, ಕೊಡು ಕೊಟ್ಟೆ, ಹೋಗು ಹೋದೆ, ಸಾಯು ಸತ್ತ. ಹೊರಗಿನವರಿಗೆ ಕನ್ನಡ ಕಲಿಸಿದವರನ್ನು ಕೇಳಿ, ಈ ಜಾಗದಲ್ಲಿ ಕಲಿಯುವವರು ಎಷ್ಟು ಒದ್ದಾಡುತ್ತಾರೆ ಅಂತ ಹೇಳುತ್ತಾರೆ. ನಮಗೆ ಕಷ್ಟ ಅನ್ನಿಸುವುದಿಲ್ಲ. ಯಾಕೆಂದರೆ ನಮ್ಮ ತಲೆಯಲ್ಲಿರುವುದು ಚಾರ್ಟ್ ಅಲ್ಲ, ‘ಬಂದ್’ ಅನ್ನುವ ಒಂದೇ ತುಂಡು. ಅದು ಕೈಗೆ ಸಿಕ್ಕಿದರೆ ಬಂದೆ, ಬಂದೆವು, ಬಂದರು, ಬಂದರೆ, ಬಂದಾನು ಎಲ್ಲ ತಾನಾಗಿ ಉದುರುತ್ತವೆ. ಹಟಮಾರಿ ಆಗಿರುವುದು ಬುಡ ಮಾತ್ರ, ಬಾಲ ಎಲ್ಲ ಮಾಮೂಲಿ.

ತೆನೇರ್ ಕಥೆಯೂ ಇಷ್ಟೇ. ಅದಕ್ಕಿರುವುದು ಐದು ಬುಡ. ಆ ಐದನ್ನು ಹಿಡಿಯಿರಿ.

ಮುಂದೆ ಹೋಗುವ ಮುಂಚೆ ಉಚ್ಚಾರಣೆಯ ಬಗ್ಗೆ ಒಂದು ಮಾತು. ಒತ್ತು ಬೀಳುವ ಕಡೆ ಸಾಮಾನ್ಯವಾಗಿ ದೀರ್ಘ ಹಾಕಿ ಬರೆಯುತ್ತಿದ್ದೇನೆ. ತೂವೆ ಅಂತ ಬರೆದರೂ ಆ ‘ವ’ ನಮ್ಮ ವ ಅಲ್ಲ. ಎರಡು ತುಟಿಯನ್ನೂ ಹತ್ತಿರ ತಂದು, ಪೂರ್ತಿ ಮುಚ್ಚದೆ, ಮೆತ್ತಗೆ ಹೇಳುವ ಬ. ಇನ್ನು ಸ್ಪ್ಯಾನಿಷ್‌ನ ತ ಅಪ್ಪಟ ನಮ್ಮ ತ, ಹಲ್ಲಿಗೆ ನಾಲಿಗೆ ತಾಗಬೇಕು. ಇಂಗ್ಲಿಷ್ ಮಾತಾಡಿ ಅಭ್ಯಾಸ ಆದವರು ‘ಟೆಂಗೊ’ ಅಂದುಬಿಡುತ್ತಾರೆ. ‘ತೆಂಗು’ ಅಂತ ಅಮ್ಮ ಹೇಳುತ್ತಾರಲ್ಲ, ಅದೇ ನಾಲಿಗೆಯಲ್ಲಿ ತೆಂಗೊ ಅನ್ನಿ. ನಮಗೆ ಇದು ಪುಕ್ಕಟೆ ಸಿಕ್ಕಿದ್ದು, ಬಿಡಬೇಡಿ.

ಈಗ ವರ್ತಮಾನ ಕಾಲ. ನಾನು ಅಂದರೆ ತೆಂಗೊ, ನೀನು ಅಂದರೆ ತ್ಯೇನೆಸ್, ಅವನು ಅಥವಾ ಅವಳು ಅಂದರೆ ತ್ಯೇನೆ, ನಾವು ಅಂದರೆ ತೆನೇಮೊಸ್, ಅವರು ಅಂದರೆ ತ್ಯೇನೆನ್. ‘ನೀವೆಲ್ಲ’ ಅನ್ನಲು ಸ್ಪೇನಿನಲ್ಲಿ ತೆನೇಯ್ಸ್ ಅಂತ ಬೇರೆ ರೂಪ ಇದೆ. ಮೆಕ್ಸಿಕೋದಲ್ಲಿ ಅದನ್ನು ಬಳಸುವುದಿಲ್ಲ, ಉಸ್ತೇದೆಸ್ ತ್ಯೇನೆನ್ ಅನ್ನುತ್ತಾರೆ. ನಿಮ್ಮ ಟೀಮು ಮೆಕ್ಸಿಕೋದ್ದು, ಹಾಗಾಗಿ ತೆನೇಯ್ಸ್ ಸಾಲನ್ನು ಸದ್ಯ ಪೂರ್ತಿ ಮರೆತುಬಿಡಿ. ಎಲ್ಲ ಕಾಲದಲ್ಲೂ ಒಂದೊಂದು ರೂಪ ಕಡಿಮೆ ಆಯ್ತು.

ಇಲ್ಲಿ ತೆನ್ ಯಾಕೆ ಕೆಲವು ಕಡೆ ತ್ಯೇನ್ ಆಗುತ್ತದೆ? ಕಾರಣ ಒತ್ತು. ಬುಡದ ಮೇಲೆ ಒತ್ತು ಬಿದ್ದಾಗ ಎ ಒಡೆದು ಯೆ ಆಗುತ್ತದೆ. ಒತ್ತು ಬಾಲಕ್ಕೆ ಜಾರಿದರೆ ಎ ಹಾಗೇ ಉಳಿಯುತ್ತದೆ. ತ್ಯೇನೆ ಅನ್ನುವಾಗ ಒತ್ತು ಮುಂದೆ, ತೆನೇಮೊಸ್ ಅನ್ನುವಾಗ ಹಿಂದೆ. ಗಟ್ಟಿಯಾಗಿ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ. ಲ್ಯಾಟಿನ್ ಸ್ಪ್ಯಾನಿಷ್ ಆಗುವಾಗ ನಡೆದ ಬದಲಾವಣೆ ಇದು, ಕೆರೇರ್ (ಬಯಸು), ಪೆನ್ಸಾರ್ (ಯೋಚಿಸು) ತರಹದ ನೂರಾರು ಪದಗಳಲ್ಲಿ ಇದೇ ಆಟ ಕಾಣುತ್ತದೆ. ‘ನಾನು’ ರೂಪ ಮಾತ್ರ ಗ ಸೇರಿಸಿಕೊಂಡು ತೆಂಗೊ ಆಗಿದೆ. ಆ ಗ ಬಂದರೆ ಯೆ ಬರುವುದಿಲ್ಲ. ಅಲ್ಲಿಗೆ ಮೂರು ಬುಡ ಆಯ್ತು: ತೆನ್, ತೆಂಗ್, ತ್ಯೇನ್.

ನಾಲ್ಕನೆಯದು ತುವ್. ನಮ್ಮ ‘ಬಂದ್’ ಇದ್ದ ಹಾಗೆ ಇದು. ತೂವೆ, ತುವೀಸ್ತೆ, ತೂವೊ, ತುವೀಮೊಸ್, ತುವ್ಯೇರೊನ್. ಮಾಮೂಲಿ ಕ್ರಿಯಾಪದ ಕೊಮೇರ್, ಅಂದರೆ ತಿನ್ನು, ಭೂತಕಾಲದಲ್ಲಿ ಕೊಮೀ, ಕೊಮ್ಯೋ ಆಗುತ್ತದೆ. ಒತ್ತು ಬಾಲದ ಮೇಲೆ. ತೂವೆ, ತೂವೊದಲ್ಲಿ ಒತ್ತು ಬುಡದ ಮೇಲೆ ಬರುತ್ತದೆ, ಬರೆಯುವಾಗ ಒತ್ತಿನ ಗೆರೆಯೂ ಇಲ್ಲ. ಇದೊಂದು ವ್ಯತ್ಯಾಸ ಕಿವಿಗೆ ಕೂತರೆ ಅರ್ಧ ಕೆಲಸ ಮುಗಿಯಿತು.

ಈ ತುವ್ ಎಲ್ಲಿಂದ ಬಂತು ಅಂತ ಕೇಳುವವರಿಗೆ ಒಂದು ಚೆಂದದ ವಿಷಯ. ಲ್ಯಾಟಿನ್‌ನಲ್ಲಿ ತೆನೇರೆ ಅಂದರೆ ಹಿಡಿದುಕೊಳ್ಳು. ಅದರ ಭೂತಕಾಲ ಸ್ಪ್ಯಾನಿಷ್‌ಗೆ ನೇರವಾಗಿ ಇಳಿದು ಬರಲಿಲ್ಲ. ಹಳೆಯ ಸ್ಪ್ಯಾನಿಷ್‌ನಲ್ಲಿ ‘ಅಬೇರ್’ ಅನ್ನುವ ಇನ್ನೊಂದು ಪದದ ಭೂತಕಾಲ ‘ಓವೆ’ ಅಂತಿತ್ತು. ಅರ್ಥ ಹತ್ತಿರದ್ದು, ಅದನ್ನು ನೋಡಿ ಜನ ತೆನೇರ್‌ಗೂ ‘ತೋವೆ’ ಅಂದರು. ಎಸ್ತಾರ್ (ಇರು), ಅಂದಾರ್ (ನಡೆ) ಕೂಡ ಅದೇ ಸಾಲಿಗೆ ಸೇರಿದವು. ಆಮೇಲೆ ಓ ಹೋಗಿ ಊ ಬಂತು. ಇವತ್ತಿನ ಊವೆ, ತೂವೆ, ಎಸ್ತೂವೆ, ಅಂದೂವೆ ಎಲ್ಲ ಒಂದೇ ಪ್ರಾಸ. ಸುಮ್ನೆ ಒಟ್ಟಿಗೆ ಹೇಳಿ ನೋಡಿ, ಮಕ್ಕಳ ಪದ್ಯದ ಹಾಗೆ ಬಾಯಲ್ಲಿ ನಿಲ್ಲುತ್ತದೆ. ಒಂದರ ಜೊತೆ ನಾಲ್ಕು ಕಲಿತ ಹಾಗೆ.

ಐದನೆಯ ಬುಡ ತೆಂದ್ರ್, ಇದು ಭವಿಷ್ಯಕ್ಕೆ. ತೆಂದ್ರೇ, ತೆಂದ್ರಾಸ್, ತೆಂದ್ರಾ, ತೆಂದ್ರೇಮೊಸ್, ತೆಂದ್ರಾನ್. ನಡುವೆ ದ ಎಲ್ಲಿಂದ ಬಂತು? ಮೊದಲು ಇದು ತೆನೆರ್-ಎ ಅಂತಿತ್ತು. ಮಧ್ಯದ ಸ್ವರ ಸವೆದು ತೆನ್‌ರೇ ಆಯ್ತು. ತೆನ್‌ರೇ ಅಂತ ಬೇಗ ಬೇಗ ಹತ್ತು ಸಲ ಹೇಳಿ. ನ ಬಿಟ್ಟು ರ ಹಿಡಿಯುವ ಗಡಿಬಿಡಿಯಲ್ಲಿ ನಾಲಿಗೆ ತಾನೇ ಒಂದು ದ ಹಾಕುತ್ತದೆ. ಶತಮಾನಗಳ ಹಿಂದೆ ಸ್ಪೇನಿನ ಜನರ ನಾಲಿಗೆಯೂ ಅದನ್ನೇ ಮಾಡಿತು. ಬಾಲ ಇದೆಯಲ್ಲ, ಎ, ಆಸ್, ಆ, ಏಮೊಸ್, ಆನ್, ಅದು ಅಬೇರ್‌ನ ವರ್ತಮಾನವೇ. ನಮ್ಮಲ್ಲಿ ‘ಮಾಡುತ್ತ ಇದ್ದೇನೆ’ ಸೇರಿ ‘ಮಾಡುತ್ತಿದ್ದೇನೆ’ ಆಯ್ತಲ್ಲ, ಹಾಗೇ. 1492ರಲ್ಲಿ ಮೊದಲ ಸ್ಪ್ಯಾನಿಷ್ ವ್ಯಾಕರಣ ಬರೆದ ನೆಬ್ರಿಹ ಆಗಲೇ ಇದನ್ನು ಗುರುತಿಸಿದ್ದರು. ಬಾಲ ಎಲ್ಲ ಕ್ರಿಯಾಪದಕ್ಕೂ ಒಂದೇ, ಆದ್ದರಿಂದ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ತೆಂದ್ರ್ ಅನ್ನುವ ತುಂಡು ಮಾತ್ರ.

ತೆನೀಯ? ಅದು ಮಾಮೂಲಿ, ತೆನ್‌ಗೆ ಈಯ ಸೇರಿಸಿದರೆ ಆಯ್ತು. ಅದರ ರೂಪದಲ್ಲಿ ಕಷ್ಟ ಇಲ್ಲ. ಯಾವಾಗ ಬಳಸಬೇಕು ಅನ್ನುವುದೇ ಕಷ್ಟ, ನಿಮ್ಮ ಪ್ರಶ್ನೆಯೂ ಅದೇ.

ಇಲ್ಲಿ ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಇಂಗ್ಲಿಷ್. ನಮ್ಮ ಕಲಿಕೆಯೆಲ್ಲ ಇಂಗ್ಲಿಷ್ ಮೂಲಕವೇ ಆಗಿರುವುದರಿಂದ, ಸ್ಪ್ಯಾನಿಷ್‌ಗೆ ಹೋಗುವಾಗಲೂ ಆ ಸೇತುವೆಯನ್ನೇ ಹತ್ತುತ್ತೇವೆ, ಅದು ಸುತ್ತುದಾರಿ ಅಂತ ನಮಗೆ ಯಾರೂ ಹೇಳಿರುವುದಿಲ್ಲ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಹ್ಯಾಡ್’ ಒಂದೇ. ಆದರೆ ಕನ್ನಡದಲ್ಲಿ ಎರಡು ಇದೆ! ‘ಆಯ್ತು’ ಮತ್ತು ‘ಇತ್ತು’.

ಹಲವು ವರ್ಷದಿಂದ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ಇದು ನನಗೆ ಹೊಳೆದದ್ದು ಒಬ್ಬ ವಿದ್ಯಾರ್ಥಿಯ ಮೇಲ್ ನೋಡಿದಾಗ. ಅವನೂ ನಿಮ್ಮ ಹಾಗೇ ಮೆಕ್ಸಿಕೋದವರ ಜೊತೆ ಕೆಲಸ ಮಾಡುತ್ತಿದ್ದ. ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಕೂತು ಕ್ಲೈಂಟಿಗೆ ಫೋನ್ ಮಾಡಿ ಕೆಲಸ ಮುಗಿಸಿದ್ದ. ಬೆಳಿಗ್ಗೆ ಅಲ್ಲಿನ ಸಹೋದ್ಯೋಗಿಗೆ ಬರೆದ (ತೆನೇರ್ ಜೊತೆ ‘ಕೆ’ ಬಂದರೆ ‘ಬೇಕು’ ಅನ್ನುವ ಅರ್ಥ): ‘ಆಯೆರ್ ತೆನೀಯ ಕೆ ಯಮಾರ್ ಆಲ್ ಕ್ಲ್ಯೇಂತೆ.’ ಆಕಡೆಯಿಂದ ಒಂದೇ ಸಾಲಿನ ಉತ್ತರ: ‘ಇ ಲೊ ಯಮಾಸ್ತೆ?’ ಅಂದರೆ, ‘ಮತ್ತೆ, ಫೋನ್ ಮಾಡಿದೆಯಾ?’ ಅವನಿಗೆ ಬೇಜಾರಾಯ್ತು. ಮಾಡಿದ್ದೀನಿ ಅಂತಲೇ ಬರೆದಿದ್ದೀನಲ್ಲ, ನಂಬುತ್ತಿಲ್ಲವಾ ಅಂತ ನನ್ನ ಹತ್ತಿರ ಮೇಲ್ ತಂದು ತೋರಿಸಿದ.

ನಾನು ಕೇಳಿದೆ, ಇದನ್ನೇ ನಿಮ್ಮ ಅಮ್ಮನಿಗೆ ಹೇಗೆ ಹೇಳುತ್ತೀಯ? ಅವನು ತಕ್ಷಣ ಅಂದ: ‘ನಿನ್ನೆ ರಾತ್ರಿ ಕ್ಲೈಂಟಿಗೆ ಫೋನ್ ಮಾಡಬೇಕಾಯ್ತಮ್ಮ.’ ಸರಿ, ‘ಮಾಡಬೇಕಿತ್ತು’ ಅಂದರೆ ಅಮ್ಮ ಏನು ಕೇಳುತ್ತಾರೆ? ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ, ‘ಮತ್ತೆ ಯಾಕೆ ಮಾಡಲಿಲ್ಲ ಅಂತ ಕೇಳುತ್ತಾರೆ’ ಅಂದ.

ಅಷ್ಟೇ. ಮಾಡಬೇಕಾಯ್ತು ಅಂದರೆ ಬೇಕಿತ್ತು, ಮಾಡಿಯೂ ಆಯ್ತು. ಸ್ಪ್ಯಾನಿಷ್‌ನಲ್ಲಿ ತೂವೆ ಕೆ. ಮಾಡಬೇಕಿತ್ತು ಅಂದರೆ ಬೇಕಿತ್ತು, ಮಾಡಿದೆನೋ ಇಲ್ಲವೋ ಇನ್ನೂ ಹೇಳಿಲ್ಲ. ಸ್ಪ್ಯಾನಿಷ್‌ನಲ್ಲಿ ತೆನೀಯ ಕೆ. ಮೆಕ್ಸಿಕೋದ ಆ ಸಹೋದ್ಯೋಗಿ ಕೇಳಿದ್ದು ನಮ್ಮ ಅಮ್ಮಂದಿರು ಕೇಳುವ ಪ್ರಶ್ನೆಯನ್ನೇ. ಇಂಗ್ಲಿಷ್ ವ್ಯಾಕರಣ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ, ಮುಗಿದ ಕ್ರಿಯೆ, ಮುಗಿಯದ ಕ್ರಿಯೆ, ಹಿನ್ನೆಲೆ, ಮುನ್ನೆಲೆ ಅಂತ. ಕನ್ನಡದವರಿಗೆ ಇದು ತೊಟ್ಟಿಲಲ್ಲೇ ಗೊತ್ತು.

‘ಕೆ’ ಇಲ್ಲದ ಕಡೆಯೂ ಇದು ಕೆಲಸ ಮಾಡುತ್ತದೆ. ತೂವೆ ಮ್ಯೇದೊ ಅಂದರೆ ಭಯ ಆಯ್ತು. ತೆನೀಯ ಮ್ಯೇದೊ ಅಂದರೆ ಭಯ ಇತ್ತು. ತೂವೊ ಉನ್ ಈಹೊ ಅಂದರೆ ಅವಳಿಗೆ ಗಂಡುಮಗು ಆಯ್ತು. ತೆನೀಯ ಉನ್ ಈಹೊ ಅಂದರೆ ಆಗಲೇ ಒಬ್ಬ ಮಗ ಇದ್ದ. ತೂವೆ ಉನ್ ಅಕ್ಸಿದೆಂತೆ, ಆಕ್ಸಿಡೆಂಟ್ ಆಯ್ತು. ನೋಡಿ, ಎಷ್ಟು ಸಲೀಸಾಗಿ ಕೂರುತ್ತದೆ.

ಆದರೆ ಒಂದು ಕಡೆ ಈ ಜೋಡಿ ಕೈಕೊಡುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಇಷ್ಟು ದಿನ, ಇಷ್ಟು ಗಂಟೆ ಅಂತ ಅವಧಿಗೆ ಬೇಲಿ ಹಾಕಿ ಹೇಳಿದರೆ, ನಾವು ‘ಇತ್ತು’ ಅಂದರೂ ಸ್ಪ್ಯಾನಿಷ್‌ನವರು ತೂವೆ ಅನ್ನುತ್ತಾರೆ. ಮೂರು ದಿನ ಜ್ವರ ಇತ್ತು ಅಂದರೆ ಶುರುವಾಗಿ, ಇದ್ದು, ಮುಗಿದ ಜ್ವರ. ಅವರಿಗೆ ಅದು ಒಂದು ಇಡೀ ಗಂಟು, ಆದ್ದರಿಂದ ತೂವೆ. ಬೇಲಿ ಇಲ್ಲದೆ, ‘ಜ್ವರ ಇತ್ತು, ಅದಕ್ಕೇ ಫೋನ್ ಎತ್ತಲಿಲ್ಲ’ ಅಂದರೆ ತೆನೀಯ. ಮೀಟಿಂಗ್ ಕೂಡ ಹೀಗೇ. ನಿನ್ನೆ ಮೀಟಿಂಗ್ ಇತ್ತು, ಕೂತು ಮುಗಿಸಿ ಬಂದೆ ಅನ್ನುವ ಅರ್ಥಕ್ಕೆ ತೂವೆ ಊನ ರೆವ್ನ್ಯೋನ್. ಮೀಟಿಂಗ್ ಇತ್ತು, ಹಾಗಾಗಿ ಊಟಕ್ಕೆ ಬರೋಕಾಗಲಿಲ್ಲ ಅಂದರೆ ತೆನೀಯ. ವಯಸ್ಸಿಗೆ ಮಾತ್ರ ಯೋಚನೆಯೇ ಬೇಡ, ‘ನನಗೆ ಹತ್ತು ವರ್ಷ ಇದ್ದಾಗ’ ಅನ್ನಲು ತೆನೀಯ ಬಳಸಿ.

ವಯಸ್ಸು ಅಂದಾಗ ನೆನಪಾಯ್ತು. ‘ನನಗೆ ಮೂವತ್ತು ವರ್ಷ’ ಅಂದರೆ ತೆಂಗೊ ತ್ರೇಯ್ನ್ತ ಆನ್ಯೋಸ್. ಆನ್ಯೋಸ್‌ನ ನ್ಯ ಸರಿಯಾಗಿ ಹೇಳಿ, ‘ಆನೋಸ್’ ಅಂದರೆ ಮುಜುಗರದ ಬೇರೆ ಅರ್ಥ ಬರುತ್ತದೆ. ಬರೆಯುವಾಗ ಆ ಅಕ್ಷರದ ತಲೆಯ ಮೇಲಿನ ಅಲೆಯನ್ನು ಮರೆಯಬೇಡಿ.

ಹಸಿವು, ಬಾಯಾರಿಕೆ, ಚಳಿ, ಸೆಕೆ, ನಿದ್ದೆ, ಭಯ, ಅವಸರ ಎಲ್ಲಕ್ಕೂ ತೆನೇರ್. ತೆಂಗೊ ಆಂಬ್ರೆ, ತೆಂಗೊ ಸೆದ್, ತೆಂಗೊ ಫ್ರೀಯೊ, ತೆಂಗೊ ಕಲೋರ್, ತೆಂಗೊ ಸ್ವೇನ್ಯೊ, ತೆಂಗೊ ಪ್ರೀಸ. ಇಂಗ್ಲಿಷ್ ಸೇತುವೆಯಿಂದ ಬಂದವರು ‘ನಾನು ಹಸಿದವನು’ ಅನ್ನುವ ಅಚ್ಚಿನಲ್ಲಿ ‘ಸೋಯ್’ ‘ಎಸ್ತೋಯ್’ (ಎರಡೂ ಇಂಗ್ಲಿಷ್‌ನ ‘ಐ ಆ್ಯಮ್’) ಹಾಕಿ ತಪ್ಪು ಮಾಡುತ್ತಾರೆ. ನಾವು ‘ನನಗೆ ಹಸಿವು’ ಅನ್ನುತ್ತೇವೆ. ಹಸಿವು ಒಂದು ವಸ್ತುವಿನ ಹಾಗೆ ನಮ್ಮ ಹತ್ತಿರ ಇದೆ. ಸ್ಪ್ಯಾನಿಷ್‌ನಲ್ಲೂ ಅದು ನಾಮಪದವೇ. ಹಾಗಾಗಿಯೇ ‘ತುಂಬಾ’ ಅನ್ನಲು ‘ಮೂಯ್’ ಬರುವುದಿಲ್ಲ, ‘ಮೂಚ’ ಬರುತ್ತದೆ: ತೆಂಗೊ ಮೂಚ ಆಂಬ್ರೆ. ಹಸಿವು ಜಾಸ್ತಿ ಇದೆ ಅನ್ನುತ್ತೇವಲ್ಲ, ಆ ಜಾಸ್ತಿಯೇ ಮೂಚ. ಸ್ವೇನ್ಯೊ, ಫ್ರೀಯೊ ಪುಲ್ಲಿಂಗ, ಅವಕ್ಕೆ ಮೂಚೊ.

ಇಲ್ಲಿ ಕನ್ನಡದವರೇ ಬೀಳುವ ಗುಂಡಿಗಳೂ ಇವೆ. ‘ನನಗೆ’ ಅಂದ ತಕ್ಷಣ ‘ಮೆ’ ಹಾಕುವ ಆಸೆ ಆಗುತ್ತದೆ. ‘ನನಗೆ ಇಷ್ಟ’ ಅನ್ನುವುದಕ್ಕೆ ಮೆ ಗೂಸ್ತ, ಸರಿ. ‘ನನಗೆ ಕಾಲು ನೋವು’ ಅನ್ನುವುದಕ್ಕೆ ಮೆ ದ್ವೇಲೆ ಲ ಪ್ಯೇರ್ನ, ಅದೂ ಸರಿ. ಆದರೆ ‘ನನಗೆ ಹಸಿವು’ ಅಂದರೆ ತೆಂಗೊ ಆಂಬ್ರೆ ಅಷ್ಟೇ, ಮುಂದೆ ಮೆ ಬೇಡ. ತೆನೇರ್ ಹತ್ತಿರ ಬಂದಾಗ ನಮ್ಮ ‘ನನಗೆ’ ಹೋಗಿ ‘ನಾನು’ ಆಗುತ್ತದೆ.

ಅದಕ್ಕಿಂತ ದೊಡ್ಡ ಗುಂಡಿ ‘ಇದೆ’. ಕನ್ನಡದಲ್ಲಿ ‘ಹೊಂದು’ ಅಂತ ಒಂದು ಪದ ಇದ್ದರೂ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ನನ್ನ ಹತ್ತಿರ ಪುಸ್ತಕ ಇದೆ, ಮೇಜಿನ ಮೇಲೆ ಒಂದು ಪುಸ್ತಕ ಇದೆ, ನಿನ್ನ ಪುಸ್ತಕ ಮೇಜಿನ ಮೇಲೇ ಇದೆ, ಮೂರಕ್ಕೂ ಒಂದೇ ‘ಇದೆ’. ಸ್ಪ್ಯಾನಿಷ್‌ನಲ್ಲಿ ಮೂರೂ ಬೇರೆ. ಮೊದಲನೆಯದು ತೆಂಗೊ ಉನ್ ಲೀಬ್ರೊ. ಎರಡನೆಯದು ಆಯ್ ಉನ್ ಲೀಬ್ರೊ ಎನ್ ಲ ಮೇಸ. ಮೂರನೆಯದು ತು ಲೀಬ್ರೊ ಎಸ್ತಾ ಎನ್ ಲ ಮೇಸ. ನನ್ನ ಕ್ಲಾಸಿನಲ್ಲಿ ಕನ್ನಡದವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ‘ಇದೆ’ ಅಂತ ಬಾಯಿಗೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ವಾಕ್ಯದಲ್ಲಿ ‘-ಗೆ’ ಅಥವಾ ‘ಹತ್ತಿರ’ ಅಂತ ಒಬ್ಬ ಮನುಷ್ಯ ಇದ್ದಾನಾ? ಇದ್ದರೆ ತೆನೇರ್. ಇಲ್ಲದಿದ್ದರೆ ಉಳಿದ ಎರಡರಲ್ಲಿ ಒಂದು.

‘ಬೇಕು’ ಅನ್ನುವುದೂ ಹೀಗೇ. ನಾನು ಹೋಗಬೇಕು, ಅವಳು ಹೋಗಬೇಕು, ನಾವೆಲ್ಲ ಹೋಗಬೇಕು, ಕನ್ನಡದ ಬೇಕು ಯಾರಿಗೂ ಬಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬಾಗಲೇಬೇಕು: ತೆಂಗೊ ಕೆ ಈರ್, ತ್ಯೇನೆ ಕೆ ಈರ್, ತೆನೇಮೊಸ್ ಕೆ ಈರ್. ಯಾರು ಅಂತ ಹೇಳದೆ ಸುಮ್ನೆ ‘ಹೋಗಬೇಕು’ ಅನ್ನಬೇಕಿದ್ದರೆ ಆಯ್ ಕೆ ಈರ್.

ಇನ್ನೊಂದು, ಆಫೀಸಿನಲ್ಲಿ ಬೇಕಾಗುವುದು. ದೊಡ್ಡವರಿಗೆ ನಾವು ‘ನೀವು’ ಅಂದು ಬಹುವಚನ ಹಾಕುತ್ತೇವೆ, ‘ಇದ್ದೀರಿ’ ಅಂತ. ಅದೇ ಅಭ್ಯಾಸದಲ್ಲಿ ಒಬ್ಬರೇ ಹಿರಿಯರ ಎದುರು ತ್ಯೇನೆನ್ ಅಂದುಬಿಡುತ್ತೇವೆ. ಬೇಡ. ಒಬ್ಬರಿಗೆ ಮರ್ಯಾದೆಯ ‘ನೀವು’ ಉಸ್ತೇದ್, ಅದಕ್ಕೆ ತ್ಯೇನೆ, ಏಕವಚನ. ‘ಬ್ವೇಸ್ತ್ರ ಮೆರ್ಸೇದ್’, ಅಂದರೆ ‘ತಮ್ಮ ದಯೆ’ ಅನ್ನುವ ಹಳೆಯ ಗೌರವದ ಮಾತು ಸವೆದು ಉಸ್ತೇದ್ ಆಗಿದೆ. ತಮ್ಮ ದಯೆಗೆ ಹೀಗಿದೆ ಅಂತ ಹೇಳಿದ ಹಾಗೆ, ಆದ್ದರಿಂದ ಅದು ‘ಅದು’ ರೂಪವನ್ನೇ ಹಿಡಿಯುತ್ತದೆ. ಇಷ್ಟು ಗೊತ್ತಿದ್ದರೆ ಮರೆಯುವುದಿಲ್ಲ.

ಈಗ ಎಲ್ಲರೂ ಹೆದರುವ ಸಬ್‌ಜಂಕ್ಟಿವ್, ಅಂದರೆ ಹಾರೈಕೆ, ಸಂದೇಹ ಹೇಳುವಾಗ ಬರುವ ರೂಪ. ಹೆದರಬೇಡಿ, ಹೊಸ ಬುಡ ಯಾವುದೂ ಇಲ್ಲ. ತೆಂಗೊ ಇದೆಯಲ್ಲ, ಅದರ ಬುಡ ತೆಂಗ್‌ಗೆ ಅ ಸೇರಿಸಿ: ತೆಂಗ, ತೆಂಗಸ್, ತೆಂಗಾಮೊಸ್, ತೆಂಗನ್. ಹಾರೈಕೆಯಲ್ಲಿ ಇದು ನಮ್ಮ ‘ಲಿ’. ಕೆ ತೆಂಗಸ್ ಸ್ವೇರ್ತೆ, ನಿನಗೆ ಅದೃಷ್ಟ ಇರಲಿ. ಕೆ ತೆಂಗ ಉನ್ ಬ್ವೇನ್ ದೀಯ, ನಿಮ್ಮ ದಿನ ಚೆನ್ನಾಗಿರಲಿ. ಇದನ್ನು ಮೇಲ್ ಕೊನೆಗೆ ಬರೆಯಬಹುದು, ಚೆನ್ನಾಗಿರುತ್ತದೆ. ಸಂದೇಹ ಇದ್ದಾಗಲೂ ತೆಂಗ ಬರುತ್ತದೆ, ಅವನ ಹತ್ತಿರ ಟೈಮ್ ಇದೆ ಅಂತ ನನಗನ್ನಿಸುವುದಿಲ್ಲ ಅನ್ನುವ ತರಹದ ಮಾತಿನಲ್ಲಿ. ಅಲ್ಲಿ ನಮ್ಮ ಲಿ ಸಹಾಯಕ್ಕೆ ಬರುವುದಿಲ್ಲ, ಕೇಳಿ ಕೇಳಿ ರೂಢಿ ಆಗಬೇಕು.

‘ದುಡ್ಡಿದ್ದರೆ ಮನೆ ಕೊಂಡುಕೊಳ್ಳುತ್ತಿದ್ದೆ.’ ಈ ವಾಕ್ಯದಲ್ಲಿ ‘ಇದ್ದರೆ’ ನೋಡಿ. ಇದ್ದೆ, ಇದ್ದರು ಅನ್ನುವ ಭೂತಕಾಲದ ಬುಡ ಇದ್ದ್, ಅದಕ್ಕೇ ಅರೆ ಸೇರಿದೆ. ಬಂದರೆ, ತಂದರೆ, ಹೋದರೆ ಎಲ್ಲ ಹಾಗೇ ಆದವು. ಸ್ಪ್ಯಾನಿಷ್‌ನವರೂ ಇದನ್ನೇ ಮಾಡುತ್ತಾರೆ. ತುವ್ಯೇರೊನ್‌ನ ಕೊನೆಯ ಒನ್ ತೆಗೆದು ಅ ಹಾಕಿ, ತುವ್ಯೇರ. ಸಿ ತುವ್ಯೇರ ದಿನೇರೊ, ಕೊಂಪ್ರಾರೀಯ ಊನ ಕಾಸ. ಒಂದು ಭಾಷೆ ದಕ್ಷಿಣ ಭಾರತದ್ದು, ಇನ್ನೊಂದು ಯೂರೋಪಿನದು, ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ‘ಇಲ್ಲದ್ದನ್ನು ಇದ್ದರೆ’ ಅಂತ ಕಲ್ಪಿಸಲು ಎರಡೂ ಹೋಗಿದ್ದು ಭೂತಕಾಲದ ಬುಡಕ್ಕೇ. ಎಷ್ಟು ವರ್ಷ ಕಲಿಸಿದರೂ ಈ ಜಾಗಕ್ಕೆ ಬಂದಾಗ ನನಗೆ ಇನ್ನೂ ಖುಷಿಯಾಗುತ್ತದೆ.

ತೆಂದ್ರಾಗೂ ಇಂಥದ್ದೇ ಒಂದು ಬಳಕೆ ಇದೆ. ತೆಂದ್ರಾ ಕ್ವರೇಂತ ಆನ್ಯೋಸ್ ಅಂದರೆ ಮುಂದೆ ನಲವತ್ತು ಆಗುತ್ತದೆ ಅಂತಲೇ ಆಗಬೇಕಿಲ್ಲ. ಅವನಿಗೆ ನಲವತ್ತು ಇದ್ದೀತು, ಇರಬಹುದು ಅನ್ನುವ ಅಂದಾಜು. ಮೆಕ್ಸಿಕೋದವರ ಮಾತಿನಲ್ಲಿ ಇದು ಕಿವಿಗೆ ಬಿದ್ದರೆ ಗಾಬರಿ ಆಗಬೇಡಿ.

ಆಜ್ಞೆಗೆ ತೆನ್. ಬರು, ತರು ಅನ್ನುವ ಪದಗಳು ಆಜ್ಞೆಯಲ್ಲಿ ಬಾ, ತಾ ಅಂತ ಚಿಕ್ಕದಾಗುತ್ತವಲ್ಲ, ಹಾಗೆ. ತೆನ್ ಕ್ವಿದಾದೊ, ಹುಷಾರು. ದಿನಾ ಬಾಯಲ್ಲಿ ಉರುಳುವ ಪದಗಳೇ ಹೀಗೆ ಸವೆಯುತ್ತವೆ, ಮತ್ತೆ ಅವೇ ತಮ್ಮ ಹಟವನ್ನು ಬಿಡದೆ ಉಳಿಸಿಕೊಳ್ಳುತ್ತವೆ. ಮಗು ಅವನ್ನು ದಿನಕ್ಕೆ ನೂರು ಸಲ ಕೇಳುವುದರಿಂದ ಬದಲಾಗುವುದಿಲ್ಲ. ಕಡಿಮೆ ಕೇಳುವ ಪದಗಳು ಮಾಮೂಲಿ ದಾರಿಗೆ ಜಾರುತ್ತವೆ. ಅಂದೂವೆ ಅನ್ನುವ ಕಡೆ ‘ಅಂದೇ’ ಅನ್ನುವ ದೊಡ್ಡವರು ಸ್ಪೇನಿನಲ್ಲೇ ಇದ್ದಾರೆ. ಚಿಕ್ಕ ಮಕ್ಕಳಂತೂ ‘ಸೇ’ (ನನಗೆ ಗೊತ್ತು) ಅನ್ನುವ ಬದಲು ‘ಸಾಬೊ’ ಅನ್ನುತ್ತಾರೆ. ಹಾಗಾಗಿ ನೀವು ತಪ್ಪಿ ‘ತೆನೀ’ ಅಂದರೆ ನಾಚಿಕೆ ಬೇಡ, ಅವರ ಮಕ್ಕಳೂ ಅದೇ ದಾರಿಯಲ್ಲಿ ಬಂದವರು.

ಅಭ್ಯಾಸ ಹೇಗೆ? ಚಾರ್ಟ್ ಓದುವುದು ಅಭ್ಯಾಸ ಅಲ್ಲ. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ, ಮೂರೇ ವಾಕ್ಯ. ಇವತ್ತು ಏನು ಮಾಡಬೇಕಾಯ್ತು, ಏನು ಮಾಡಬೇಕಿತ್ತು, ನಾಳೆ ಏನು ಮಾಡಬೇಕು. ಮೊದಲು ಕನ್ನಡದಲ್ಲಿ ಹೇಳಿ, ಹಿಂದೆಯೇ ಸ್ಪ್ಯಾನಿಷ್‌ನಲ್ಲಿ. ಇಂಗ್ಲಿಷ್ ನಡುವೆ ಬರಬಾರದು. ‘ಬಸ್ಸಿಗೆ ಕಾಯಬೇಕಾಯ್ತು’: ಓಯ್ ತೂವೆ ಕೆ ಎಸ್ಪೆರಾರ್ ಎಲ್ ಕಮ್ಯೋನ್. ಮೆಕ್ಸಿಕೋದಲ್ಲಿ ಬಸ್ಸಿಗೆ ಕಮ್ಯೋನ್ ಅನ್ನುತ್ತಾರೆ, ಸ್ಪೇನಿನಲ್ಲಿ ಅದು ಲಾರಿ. ಮತ್ತೆ ‘ಇವತ್ತು’ ಅಂದಾಗ ಸ್ಪೇನಿನವರು ಎ ತೆನೀದೊ ಕೆ ಅನ್ನುವ ಇನ್ನೊಂದು ರೂಪ ಬಳಸುತ್ತಾರೆ. ಮೆಕ್ಸಿಕೋದಲ್ಲಿ ತೂವೆ ಕೆ ಸಾಕು. ನಿಮ್ಮ ಆ್ಯಪ್ ಮತ್ತು ನಿಮ್ಮ ಸಹೋದ್ಯೋಗಿಗಳ ಮಾತು ಬೇರೆ ಬೇರೆ ಅನ್ನಿಸಿದರೆ, ಹಲವು ಸಲ ಇದೇ ಕಾರಣ.

ಮೂರು ವಾರ ಹೀಗೆ ಮಾಡಿ. ವಾಕ್ಯ ನಿಮ್ಮ ದಿನದ್ದೇ ಆಗಿರಬೇಕು. ಪುಸ್ತಕದ ‘ಹ್ವಾನ್ ಹತ್ತಿರ ಒಂದು ಸೇಬು ಇದೆ’ ಯಾರ ನೆನಪಲ್ಲೂ ನಿಲ್ಲುವುದಿಲ್ಲ. ಯಾವುದಾದರೂ ರೂಪ ಅನುಮಾನ ಬಂದರೆ ಮಾತ್ರ ನೋಡಿ. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುರುವಾದ ರೆಯಾಲ್ ಅಕದೇಮ್ಯ ಎಸ್ಪನ್ಯೋಲದ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕ್ರಿಯಾಪದ ಹುಡುಕಿದರೆ ಎಲ್ಲ ರೂಪವೂ ಇದೆ, ಅರ್ಜೆಂಟೀನಾದವರು ತ್ಯೇನೆಸ್ ಬದಲು ಹೇಳುವ ‘ವೋಸ್ ತೆನೇಸ್’ ಕೂಡ.

ತೆನೇರ್ ಕೂತ ಮೇಲೆ ಇನ್ನೊಂದು ಲಾಭ ಇದೆ. ಮಾಂತೆನೇರ್ ಅಂದರೆ ಉಳಿಸಿಕೊಂಡು ಹೋಗು, ಒಬ್ತೆನೇರ್ ಅಂದರೆ ಪಡೆ, ದೆತೆನೇರ್ ಅಂದರೆ ತಡೆ, ಕೊಂತೆನೇರ್ ಅಂದರೆ ಒಳಗಿಟ್ಟುಕೊಂಡಿರು. ಎಲ್ಲ ಅದೇ ಬುಡ: ಮಾಂತೆಂಗೊ, ಒಬ್ತೂವೆ, ದೆತೆಂದ್ರೇ. ವೆನೀರ್, ಅಂದರೆ ಬರು, ಅಣ್ಣ ತಮ್ಮನ ಹಾಗೆ ಜೊತೆಗೇ ನಡೆಯುತ್ತದೆ: ವೆಂಗೊ, ವ್ಯೇನೆ, ವೆಂದ್ರೇ, ಆಜ್ಞೆಗೆ ವೆನ್. ಭೂತಕಾಲದ ಬುಡ ಮಾತ್ರ ಬೇರೆ, ವೀನೆ.

ಈಗ ನಿಮ್ಮ ಗುರುವಾರದ ಮಾತು. ಮೂರು ದಿನ ಅಂತ ಬೇಲಿ ಇದೆ, ಹಾಗಾಗಿ ಜ್ವರಕ್ಕೆ ತೂವೆ. ಹೋಗಬೇಕಾಯ್ತು, ಹೋಗಿಯೂ ಬಂದಿರಿ, ಹಾಗಾಗಿ ಅಲ್ಲೂ ತೂವೆ. ‘ತೂವೆ ಫ್ಯೇಬ್ರೆ ತ್ರೇಸ್ ದೀಯಸ್, ಇ ತೂವೆ ಕೆ ಈರ್ ಆಲ್ ಮೇದಿಕೊ.’ ಕೇಳಿದವರು ಖಂಡಿತ ವಿಚಾರಿಸುತ್ತಾರೆ, ‘ಯಾ ನೊ ತ್ಯೇನೆಸ್ ಫ್ಯೇಬ್ರೆ?’ ಈಗ ಜ್ವರ ಇಲ್ಲ ತಾನೇ? ಆಗ ‘ನೊ, ಯಾ ನೊ ತೆಂಗೊ, ಗ್ರಾಸ್ಯಸ್’ ಅನ್ನಿ.